ಬೆಳೆದ ಮಕ್ಕಳೊಂದಿಗೆ ಮನೆಯಲ್ಲಿ ಸಿನಿಮಾ: ಆಯ್ಕೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತು ವರ್ಷ ದಾಟಿದ ಮಕ್ಕಳಿಗೆ ಕಾರ್ಟೂನು ಹಾಕಿಕೊಟ್ಟು ದೊಡ್ಡವರು ತಮ್ಮ ಕೆಲಸಕ್ಕೆ ಹೋಗುವ ಕಾಲ ಮುಗಿದಿರುತ್ತದೆ. ದೊಡ್ಡವರು ತಮಗಾಗಿ ನೋಡುವ ಸಿನಿಮಾಗಳಿಗೆಲ್ಲ ಅವರನ್ನೂ ಕೂರಿಸಿಕೊಳ್ಳುವ ಕಾಲ ಇನ್ನೂ ಬಂದಿರುವುದಿಲ್ಲ. ಈ ನಡುವಿನ ಏಳೆಂಟು ವರ್ಷಗಳಲ್ಲಿ ಮನೆಯವರೆಲ್ಲ ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಒಟ್ಟಿಗೆ ಕುಳಿತು ಏನನ್ನು ನೋಡಬಹುದು, ಅದನ್ನು ಆರಿಸುವುದು ಹೇಗೆ ಎಂದು ಪೋಷಕರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಮಕ್ಕಳಿಗೆ ಏನಾದರೂ ದಕ್ಕುವಂಥ ಸಿನಿಮಾ ಎಂದರೆ ನೀತಿ ಹೇಳುವ ಸಿನಿಮಾವೇ?

ಅಲ್ಲ. ನೀತಿ ಹೇಳುವುದಕ್ಕೆಂದೇ ತೆಗೆದ ಸಿನಿಮಾದ ಗುಟ್ಟು ಹನ್ನೆರಡು ಹದಿಮೂರರ ಮಕ್ಕಳಿಗೆ ಮೊದಲ ಹತ್ತು ನಿಮಿಷದಲ್ಲೇ ತಿಳಿದುಬಿಡುತ್ತದೆ. ಒಳ್ಳೆಯವರು ಯಾರು, ಕೆಟ್ಟವರು ಯಾರು, ಕೊನೆಯಲ್ಲಿ ಯಾರು ಯಾರ ಕ್ಷಮೆ ಕೇಳುತ್ತಾರೆ ಎಂಬುದನ್ನೆಲ್ಲ ಮುಂಚೆಯೇ ಊಹಿಸಿ, ಉಳಿದ ಹೊತ್ತನ್ನು ಅವರು ಆಕಳಿಸುತ್ತ ಕಳೆಯುತ್ತಾರೆ. ಈ ವಯಸ್ಸಿನವರಿಗೆ ಬೇಕಾದದ್ದು, ಆ ಪಾತ್ರ ಮಾಡಿದ್ದು ಸರಿಯೇ, ಬೇರೆ ದಾರಿ ಇತ್ತೇ, ನಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ತಮ್ಮಷ್ಟಕ್ಕೆ ತಾವೇ ಕೇಳಿಕೊಳ್ಳಲು ಜಾಗ ಬಿಡುವ ಕಥೆ.

ಇರಾನಿನ ನಿರ್ದೇಶಕ ಮಜೀದ್ ಮಜೀದಿಯವರ ‘ಚಿಲ್ಡ್ರನ್ ಆಫ್ ಹೆವನ್’ (1997) ಚಿತ್ರವನ್ನೇ ನೋಡಿ. ತಂಗಿಯ ಶೂ ಕಳೆದುಹಾಕಿದ ಹುಡುಗ ಮನೆಯಲ್ಲಿ ಹೇಳಲಾರದೆ ತನ್ನ ಒಂದೇ ಜೊತೆ ಶೂಗಳನ್ನು ಅವಳೊಂದಿಗೆ ಹಂಚಿಕೊಳ್ಳುತ್ತಾನೆ; ಅವಳು ತನ್ನ ಪಾಳಿಯ ಶಾಲೆ ಮುಗಿಸಿ ಓಡಿಬಂದು ಗಲ್ಲಿಯಲ್ಲಿ ಶೂ ಬಿಚ್ಚಿಕೊಟ್ಟರೆ, ಅವನು ಅದನ್ನು ತೊಟ್ಟು ತನ್ನ ಪಾಳಿಗೆ ಓಡಬೇಕು. ಓಟದ ಸ್ಪರ್ಧೆಯಲ್ಲಿ ಮೂರನೇ ಬಹುಮಾನವಾಗಿ ಶೂ ಕೊಡುತ್ತಾರೆಂದು ತಿಳಿದು, ಮೂರನೆಯವನಾಗಬೇಕೆಂದೇ ಓಡುವ ಹುಡುಗ ಮೊದಲನೆಯವನಾಗಿಬಿಡುತ್ತಾನೆ. ಸುತ್ತಲಿದ್ದವರು ಸಂಭ್ರಮಿಸುತ್ತ ಫೋಟೊ ತೆಗೆಯುವಾಗ ಅವನು ಅಳುತ್ತ ತಲೆ ತಗ್ಗಿಸಿ ನಿಂತಿರುತ್ತಾನೆ. ಗೆದ್ದವನು ಏಕೆ ಅಳುತ್ತಿದ್ದಾನೆಂದು ಅಲ್ಲಿರುವ ಯಾರಿಗೂ ಗೊತ್ತಿಲ್ಲ, ತೆರೆಯ ಮುಂದೆ ಕುಳಿತ ಮಗುವಿಗೆ ಮಾತ್ರ ಗೊತ್ತು. ಹಂಚಿಕೊಂಡು ಬಾಳಬೇಕು ಎಂಬ ಒಂದು ವಾಕ್ಯವನ್ನೂ ಆಡದ ಈ ಸಿನಿಮಾ ಮಕ್ಕಳಲ್ಲಿ ಉಳಿಯುವುದು ಹಾಗೆ ಆಡದೆ ಇರುವುದರಿಂದಲೇ.

ನೋಡದ ಸಿನಿಮಾವನ್ನು ಅಳೆಯಲು ಒಂದು ಸುಲಭದ ದಾರಿಯಿದೆ. ಕಥೆಯ ಸಾರಾಂಶ ಓದುವಾಗ, ನಾಯಕನಿಗೆ ಎದುರಾಗಿ ನಿಂತ ಪಾತ್ರಕ್ಕೂ ಅದರದೇ ಆದ ಕಾರಣಗಳಿವೆಯೇ ಎಂದು ಗಮನಿಸಿ. ಕಾರಣಗಳಿದ್ದರೆ ಮಾತನಾಡಲು ಏನಾದರೂ ಸಿಗುತ್ತದೆ. ಬರೀ ದುಷ್ಟತನವಿದ್ದರೆ ಮನರಂಜನೆ ಸಿಗಬಹುದು, ಅದಕ್ಕಿಂತ ಹೆಚ್ಚಿನದು ಸಿಗುವುದು ಅಪರೂಪ.

‘ಬೆಳೆದ ಮಕ್ಕಳು’ ಎಂದರೆ ಯಾವ ವಯಸ್ಸು?

ಹತ್ತರಿಂದ ಹದಿನೇಳರವರೆಗೆ ಎಂದು ಇಟ್ಟುಕೊಳ್ಳಬಹುದು. ಆದರೆ ಇದನ್ನು ಒಂದೇ ಗುಂಪೆಂದು ಎಣಿಸಿದರೆ ಆಯ್ಕೆ ಕೆಡುತ್ತದೆ. ಹತ್ತು ಹನ್ನೊಂದರ ಮಗು ಕಥೆಯ ನ್ಯಾಯಾನ್ಯಾಯವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಅನ್ಯಾಯವಾದರೆ ಸಿಟ್ಟಾಗುತ್ತದೆ. ಹದಿಮೂರು ಹದಿನಾಲ್ಕರವರಿಗೆ ಸ್ನೇಹ, ಅವಮಾನ, ಗುಂಪಿನಿಂದ ಹೊರಗುಳಿಯುವ ಭಯ ಇವೇ ದೊಡ್ಡ ವಿಷಯಗಳು. ಹದಿನಾರು ದಾಟಿದವರು ಉತ್ತರವೇ ಇಲ್ಲದ ಕಥೆಯನ್ನೂ ತಾಳಿಕೊಳ್ಳಬಲ್ಲರು. ಒಂದೇ ಘಟನೆಯನ್ನು ನಾಲ್ವರು ನಾಲ್ಕು ಬಗೆಯಲ್ಲಿ ಹೇಳುವ, ಯಾರದು ನಿಜವೆಂದು ಕೊನೆಗೂ ಬಿಟ್ಟುಕೊಡದ ಅಕಿರ ಕುರೊಸಾವಾರ ‘ರಾಶೊಮಾನ್’ (1950) ಚಿತ್ರದಲ್ಲಿ ಕೊಲೆಯೂ ಅತ್ಯಾಚಾರವೂ ಕಥೆಯ ನಡುವಿನಲ್ಲೇ ಇರುವುದರಿಂದ ಚಿಕ್ಕವರಿಗೆ ಅದು ಸಲ್ಲದು; ಆದರೆ ಹದಿನಾರು ಹದಿನೇಳರ ಮಕ್ಕಳು ಅದನ್ನು ನೋಡಿ ವಾದಕ್ಕೆ ಕುಳಿತರೆ ಆ ರಾತ್ರಿ ಬೇಗ ಮಲಗುವುದಿಲ್ಲ.

ಸೆನ್ಸಾರ್ ಪ್ರಮಾಣಪತ್ರ ನೋಡಿ ಆರಿಸಿದರೆ ಸಾಲದೇ?

ಅದು ಮೊದಲ ಜರಡಿ ಮಾತ್ರ. ಬೈಗುಳ, ರಕ್ತ, ನಗ್ನತೆ, ಮಾದಕವಸ್ತುಗಳ ಬಳಕೆ ಎಷ್ಟಿದೆ ಎಂಬುದನ್ನು ಪ್ರಮಾಣಪತ್ರ ಹೇಳುತ್ತದೆ. ಸಿನಿಮಾ ಜಾಣತನದ್ದೋ ಪೊಳ್ಳೋ ಎಂಬುದು ಅದರ ಕೆಲಸವಲ್ಲ. ಜೊತೆಗೆ ಒಂದೊಂದು ದೇಶದ ಮಂಡಳಿ ಒಂದೊಂದಕ್ಕೆ ಹೆಚ್ಚು ಹೆದರುತ್ತದೆ. ಅಮೆರಿಕದಲ್ಲಿ ಹದಿಮೂರರೊಳಗಿನ ಮಕ್ಕಳ ಪೋಷಕರನ್ನು ಎಚ್ಚರಿಸುವ ‘ಪಿಜಿ-13’ ಎಂಬ ದರ್ಜೆ 1984ರಲ್ಲಿ ಬಂದಿತು, ಬ್ರಿಟನ್ನಿನಲ್ಲಿ ಹನ್ನೆರಡರೊಳಗಿನವರು ದೊಡ್ಡವರ ಜೊತೆಗೇ ನೋಡಬೇಕಾದ ‘12ಎ’ 2002ರಲ್ಲಿ. ಭಾರತದಲ್ಲಿ ಬಹುಕಾಲ ಒಂದೇ ಆಗಿದ್ದ ‘ಯುಎ’ (ಮಕ್ಕಳು ಪೋಷಕರ ಮಾರ್ಗದರ್ಶನದಲ್ಲಿ ನೋಡಬಹುದಾದ) ದರ್ಜೆಯನ್ನು 2024ರ ನಿಯಮಗಳಲ್ಲಿ 7+, 13+, 16+ ಎಂದು ಮೂರಾಗಿ ಒಡೆಯಲಾಯಿತು. ಒಂದೇ ಸಿನಿಮಾ ಗಡಿ ದಾಟುತ್ತಲೇ ದರ್ಜೆ ಬದಲಿಸುವುದೂ ಉಂಟು. ತೊದಲುವ ದೊರೆಯೊಬ್ಬ ಮಾತು ಕಲಿಯುವ ಕಥೆಯುಳ್ಳ ‘ದ ಕಿಂಗ್ಸ್ ಸ್ಪೀಚ್’ (2010) ಚಿತ್ರದಲ್ಲಿ, ಚಿಕಿತ್ಸೆಯ ಭಾಗವಾಗಿ ದೊರೆ ಬಾಯಿಗೆ ಬಂದಂತೆ ಬೈಯುವ ಒಂದು ದೃಶ್ಯವಿದೆ. ಅದಕ್ಕಾಗಿ ಅಮೆರಿಕದಲ್ಲಿ ಆ ಸಿನಿಮಾಕ್ಕೆ ಹದಿನೇಳರೊಳಗಿನವರು ದೊಡ್ಡವರ ಜೊತೆಗೇ ನೋಡಬೇಕಾದ ‘ಆರ್’ ದರ್ಜೆ ಸಿಕ್ಕಿತು. ಬ್ರಿಟನ್ನಿನಲ್ಲಿ ಮೊದಲು ‘15’ ಎಂದವರು ಮೇಲ್ಮನವಿಯ ನಂತರ ‘12ಎ’ಗೆ ಇಳಿಸಿದರು. ಹೊಡೆದಾಟದಲ್ಲಿ ಊರಿಗೆ ಊರೇ ನೆಲಸಮವಾಗುವ ಎಷ್ಟೋ ಚಿತ್ರಗಳು, ರಕ್ತ ಕಾಣದ ಒಂದೇ ಕಾರಣಕ್ಕೆ, ಇದಕ್ಕಿಂತ ಚಿಕ್ಕವರಿಗೆ ಸಲ್ಲುವ ದರ್ಜೆಯಲ್ಲಿ ದಾಟಿಹೋಗುತ್ತವೆ.

ಹಾಗಾಗಿ ದರ್ಜೆಯ ಅಕ್ಷರಕ್ಕಿಂತ ಅದರ ಪಕ್ಕದಲ್ಲಿ ಕೊಡುವ ಕಾರಣವನ್ನು ಓದಿ. ‘ಭಾಷೆ’ ಎಂದಿದ್ದರೆ ಒಂದು ಬಗೆಯ ನಿರ್ಧಾರ, ‘ಆತ್ಮಹತ್ಯೆಯ ಚಿತ್ರಣ’ ಎಂದಿದ್ದರೆ ಇನ್ನೊಂದು ಬಗೆಯದು. ನಿಮ್ಮ ಮಗುವಿಗೆ ಯಾವುದು ತಾಳಲಾಗದು ಎಂಬುದು ನಿಮಗೆ ಗೊತ್ತು, ಮಂಡಳಿಗೆ ಗೊತ್ತಿಲ್ಲ.

ಪ್ರತಿಯೊಂದನ್ನೂ ಮುಂಚಿತವಾಗಿ ನಾವೇ ನೋಡಿಟ್ಟುಕೊಳ್ಳಬೇಕೇ?

ಹದಿಮೂರರೊಳಗಿನ ಮಕ್ಕಳಿದ್ದರೆ, ಮತ್ತು ವಿಷಯ ಸ್ವಲ್ಪ ಭಾರವಾಗಿದ್ದರೆ, ಹೌದು. ‘ನಾನು ಕಾಲೇಜಿನಲ್ಲಿದ್ದಾಗ ನೋಡಿದ್ದೆ, ಚೆನ್ನಾಗಿದೆ’ ಎಂಬ ಭರವಸೆ ಸಾಲದು. ಹಳೆಯ ಸಿನಿಮಾದಲ್ಲಿ ನಗಿಸಿದ್ದೂ ಹಾಡೂ ನೆನಪಿನಲ್ಲಿ ಉಳಿಯುತ್ತವೆ. ನಡುವಿನ ಒಂದು ಅಸಹ್ಯದ ದೃಶ್ಯವೋ ಕ್ರೂರವಾದ ತಮಾಷೆಯೋ ಅಳಿಸಿಹೋಗಿರುತ್ತದೆ. ಪೂರ್ತಿ ನೋಡಲು ಬಿಡುವಿಲ್ಲದಿದ್ದರೆ ಕೊನೆಯ ಅರ್ಧ ಗಂಟೆಯನ್ನಾದರೂ ನೋಡಿ, ಏಕೆಂದರೆ ಸಿನಿಮಾಗಳು ತಮ್ಮಲ್ಲಿರುವ ಅತಿ ತೀಕ್ಷ್ಣವಾದದ್ದನ್ನು ಸಾಮಾನ್ಯವಾಗಿ ಅಲ್ಲಿಗೇ ಉಳಿಸಿಕೊಂಡಿರುತ್ತವೆ. ಟ್ರೇಲರನ್ನು ನಂಬಬೇಡಿ, ಅದನ್ನು ಕತ್ತರಿಸುವುದು ಟಿಕೆಟ್ ಮಾರುವುದಕ್ಕೆ.

ಹದಿನೈದು ದಾಟಿದವರೊಂದಿಗೆ ಮಾತ್ರ ಆಗಾಗ ನೀವೂ ನೋಡದ ಸಿನಿಮಾವನ್ನು ಹಾಕುವುದು ಒಳ್ಳೆಯದು. ಮುಂದೇನಾಗುತ್ತದೆ ಎಂದು ತಿಳಿಯದೆ ತಾಯಿತಂದೆಯರೂ ಗಾಬರಿಯಾಗುವುದನ್ನು, ತಪ್ಪಾಗಿ ಊಹಿಸುವುದನ್ನು ನೋಡುವುದು ಮಕ್ಕಳಿಗೆ ಬೇರೆಯೇ ಖುಷಿ ಕೊಡುತ್ತದೆ.

ಸಿನಿಮಾ ಆರಿಸುವವರು ಯಾರಾಗಿರಬೇಕು?

ಸರದಿಯ ಪ್ರಕಾರ ಎಲ್ಲರೂ. ದೊಡ್ಡವರೇ ಯಾವಾಗಲೂ ಆರಿಸಿದರೆ ಆ ಸಂಜೆ ಟ್ಯೂಷನ್ನಿನಂತಾಗುತ್ತದೆ, ಮಕ್ಕಳೇ ಆರಿಸಿದರೆ ಅವರು ಈಗಾಗಲೇ ನೋಡಿರುವ ಸರಣಿಯ ಮುಂದಿನ ಭಾಗವನ್ನೇ ನೋಡುತ್ತಾ ಹೋಗಬೇಕಾಗುತ್ತದೆ. ಸರದಿ ಬಂದವರು ಮೂರು ಹೆಸರು ಮುಂದಿಡಲಿ, ಉಳಿದವರು ಅದರಲ್ಲಿ ಒಂದನ್ನು ಒಪ್ಪಿಕೊಳ್ಳಲಿ. ಒಬ್ಬರ ಆಯ್ಕೆಯನ್ನು ಇನ್ನೊಬ್ಬರು ತಳ್ಳಿಹಾಕುವ ಹಕ್ಕು ಭಯಕ್ಕೋ ನಿಜವಾದ ಸಂಕಟಕ್ಕೋ ಮಾತ್ರ ಇರಲಿ. ‘ಬೋರು’ ಎಂಬುದು ನೋಡುವ ಮೊದಲು ಹೇಳುವ ಕಾರಣವಲ್ಲ.

ಇದರ ಇನ್ನೊಂದು ಮುಖ ಪೋಷಕರಿಗೆ ಸ್ವಲ್ಪ ಕಷ್ಟದ್ದು. ಮಗಳು ಆರಿಸಿದ ಸೂಪರ್‌ಹೀರೊ ಸಿನಿಮಾವನ್ನು ನೀವು ಫೋನು ನೋಡುತ್ತ, ನಡುನಡುವೆ ಕೊಂಕು ನುಡಿಯುತ್ತ ಕಳೆದರೆ, ನಿಮ್ಮ ಸರದಿ ಬಂದಾಗ ಅವಳೂ ಹಾಗೆಯೇ ಮಾಡುತ್ತಾಳೆ. ಅಂಥ ಸಿನಿಮಾದಲ್ಲೂ ಕೇಳಬಹುದಾದದ್ದು ಬೇಕಾದಷ್ಟಿರುತ್ತದೆ: ಖಳನ ದೂರು ನಿಜವಾಗಿದ್ದು ಅವನ ದಾರಿ ಮಾತ್ರ ತಪ್ಪಾಗಿತ್ತೇ? ನಾಯಕನ ಶಕ್ತಿಯ ಮೇಲೆ ಯಾರ ಹಿಡಿತವೂ ಇಲ್ಲದಿರುವುದು ಸರಿಯೇ?

ಒಬ್ಬನಿಗೆ ಹತ್ತು, ಇನ್ನೊಬ್ಬಳಿಗೆ ಹದಿನಾರು. ಯಾರಿಗಾಗಿ ಆರಿಸಬೇಕು?

ಚಿಕ್ಕವನು ತಾಳಬಲ್ಲಷ್ಟು, ದೊಡ್ಡವಳ ಬುದ್ಧಿಗೆ ಕೆಲಸವಿರುವಷ್ಟು. ಒಳ್ಳೆಯ ಹಾಸ್ಯ, ಪತ್ತೇದಾರಿ ಕಥೆ, ಸಾಹಸಯಾತ್ರೆ, ಅನಿಮೇಷನ್ ಇವು ಈ ಅಂತರವನ್ನು ಸಲೀಸಾಗಿ ದಾಟಿಸುತ್ತವೆ. ಆದರೂ ತಿಂಗಳಿಗೊಮ್ಮೆ ಚಿಕ್ಕವನು ಮಲಗಿದ ಮೇಲೆ ದೊಡ್ಡವಳೊಂದಿಗೆ ಮಾತ್ರ ನೋಡುವ ಒಂದು ಸಿನಿಮಾ ಇರಲಿ, ಇಲ್ಲದಿದ್ದರೆ ತಮ್ಮನ ವಯಸ್ಸಿಗೇ ತನ್ನನ್ನು ಕಟ್ಟಿಹಾಕಿದ್ದಾರೆ ಎಂಬ ಅವಳ ದೂರು ನ್ಯಾಯವಾದದ್ದೇ.

ಹಳೆಯ ಸಿನಿಮಾ, ಅದರಲ್ಲೂ ಕಪ್ಪು ಬಿಳುಪು ಎಂದರೆ ಮಕ್ಕಳು ಓಡಿಹೋಗುತ್ತಾರೆ. ಏನು ಮಾಡುವುದು?

ಮೊದಲ ಸಲ ಚಿಕ್ಕದನ್ನು, ನಗಿಸುವುದನ್ನು ಆರಿಸಿ. ಬಸ್ಟರ್ ಕೀಟನ್ನರ ‘ಶರ್ಲಾಕ್ ಜೂನಿಯರ್’ (1924) ಮುಕ್ಕಾಲು ಗಂಟೆಯ ಮೂಕಿ ಚಿತ್ರ. ಪ್ರೊಜೆಕ್ಟರ್ ನಡೆಸುವ ಹುಡುಗನೊಬ್ಬ ನಿದ್ದೆಹೋಗಿ, ಕನಸಿನಲ್ಲಿ ಎದ್ದು, ಓಡುತ್ತಿರುವ ಸಿನಿಮಾದ ತೆರೆಯೊಳಕ್ಕೇ ನಡೆದುಬಿಡುತ್ತಾನೆ. ಅವನು ನಿಂತಲ್ಲೇ ಹಿನ್ನೆಲೆ ಮಾತ್ರ ಬೀದಿ, ಬಂಡೆ, ಕಾಡು ಎಂದು ಬದಲಾಗುತ್ತಾ ಹೋಗುತ್ತದೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದನ್ನು ಹೇಗೆ ಮಾಡಿದರು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ, ಆಗ ಹಿಂದಕ್ಕೆ ಓಡಿಸಿ ಮತ್ತೆ ನೋಡಬಹುದು. ಇದೇ ಚಿತ್ರದಲ್ಲಿ ರೈಲಿನ ನೀರಿನ ತೊಟ್ಟಿಯಿಂದ ರಭಸವಾಗಿ ಸುರಿದ ನೀರು ಕೀಟನ್ನರನ್ನು ಹಳಿಯ ಮೇಲೆ ಕೆಡವಿತು. ಅಂದು ಕುತ್ತಿಗೆಯ ಮೂಳೆಗೆ ಪೆಟ್ಟಾಗಿತ್ತೆಂದು ಗೊತ್ತಾದದ್ದು ವರ್ಷಗಳ ನಂತರ, ಎಕ್ಸ್-ರೇ ತೆಗೆದಾಗ. ಹೀಗೆಂದು ತಿಳಿದ ಮಗು ಆ ದೃಶ್ಯವನ್ನು ಮತ್ತೊಮ್ಮೆ ಹಾಕಿಸದೆ ಬಿಡುವುದಿಲ್ಲ.

ಎರಡನೇ ಹೆಜ್ಜೆಯಾಗಿ, ಗಮನವಿಡಲು ಒಂದೇ ಒಂದು ವಿಷಯವನ್ನು ಮುಂಚಿತವಾಗಿ ಕೊಟ್ಟುಬಿಡಿ. ಸಿಡ್ನಿ ಲ್ಯುಮೆಟ್ಟರ ‘ಟ್ವೆಲ್ವ್ ಆಂಗ್ರಿ ಮೆನ್’ (1957) ಇದಕ್ಕೆ ಹೇಳಿಮಾಡಿಸಿದ ಚಿತ್ರ. ಕೊಲೆಯ ಆರೋಪ ಹೊತ್ತ ಹುಡುಗನೊಬ್ಬನ ಭವಿಷ್ಯವನ್ನು ಹನ್ನೆರಡು ಜ್ಯೂರಿಗಳು, ಅಂದರೆ ತೀರ್ಪು ಹೇಳಲು ಕರೆಸಿದ ಸಾಮಾನ್ಯ ನಾಗರಿಕರು, ನಿರ್ಧರಿಸಬೇಕು. 96 ನಿಮಿಷದಲ್ಲಿ ಹೆಚ್ಚುಕಡಿಮೆ ಎಲ್ಲವೂ ಒಂದೇ ಕೋಣೆಯಲ್ಲಿ, ಒಂದೇ ಮೇಜಿನ ಸುತ್ತ ನಡೆಯುತ್ತದೆ. ಬರೀ ಮಾತು ಎಂದು ಮಕ್ಕಳು ಮೂಗು ಮುರಿಯುವ ಮೊದಲೇ ‘ಗೋಡೆಗಳನ್ನು ಗಮನಿಸುತ್ತಿರು’ ಎಂದು ಹೇಳಿ. ಆರಂಭದಲ್ಲಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲಿರುತ್ತದೆ, ಕೋಣೆ ವಿಶಾಲವಾಗಿ ಕಾಣುತ್ತದೆ. ಬರಬರುತ್ತ ಅದು ಕಣ್ಣಿನ ಮಟ್ಟಕ್ಕಿಳಿದು, ಕೊನೆಯ ಭಾಗದಲ್ಲಿ ಅದಕ್ಕಿಂತಲೂ ಕೆಳಗಿನಿಂದ ನೋಡತೊಡಗುತ್ತದೆ. ಹೆಚ್ಚು ಹೆಚ್ಚು ಉದ್ದದ ಲೆನ್ಸುಗಳ ಬಳಕೆಯಿಂದ ಗೋಡೆಗಳು ಮುಖಗಳ ಬೆನ್ನಿಗೇ ಬಂದು ನಿಂತಂತಾಗುತ್ತವೆ, ತಾರಸಿ ತಲೆಯ ಮೇಲೆ ಕವಿಯುತ್ತದೆ. ಲ್ಯುಮೆಟ್ ಇದನ್ನು ಬೇಕೆಂದೇ ಯೋಜಿಸಿದ್ದರು. ಕೋಣೆ ಚಿಕ್ಕದಾಗುತ್ತಿದೆ ಎಂದು ಮಗುವೇ ಕಂಡುಹಿಡಿದು ಹೇಳಿದ ಮೇಲೆ ಕಪ್ಪು ಬಿಳುಪಿನ ತಕರಾರು ಮತ್ತೆ ಏಳುವುದಿಲ್ಲ.

ಇನ್ನೊಂದು ಆಟವನ್ನೂ ಆಡಬಹುದು. ಜ್ಯೂರಿಗಳು ಮೊದಲ ಸಲ ಕೈಯೆತ್ತಿ ಮತ ಹಾಕುವಾಗ ಸಿನಿಮಾ ನಿಲ್ಲಿಸಿ, ಮನೆಯವರೆಲ್ಲ ತಮ್ಮ ತೀರ್ಪನ್ನು ಚೀಟಿಯಲ್ಲಿ ಬರೆದು ಮಡಿಸಿಡಲಿ, ಕೊನೆಯಲ್ಲಿ ತೆರೆಯಲಿ. ಆರೋಪಿ ನಿಜಕ್ಕೂ ನಿರಪರಾಧಿಯೇ ಎಂಬುದನ್ನು ಈ ಚಿತ್ರ ಎಲ್ಲಿಯೂ ಖಚಿತಪಡಿಸುವುದಿಲ್ಲ, ಸಂದೇಹಕ್ಕೆ ಎಡೆಯಿದೆ ಎಂದಷ್ಟೇ ತೋರಿಸುತ್ತದೆ. ಇವೆರಡರ ನಡುವಿನ ವ್ಯತ್ಯಾಸವನ್ನು ಪೌರನೀತಿಯ ಪಾಠದಲ್ಲಿ ಇಷ್ಟು ಚೆನ್ನಾಗಿ ಹೇಳಿಕೊಡುವುದು ಕಷ್ಟ.

ಗೊತ್ತಿಲ್ಲದ ಭಾಷೆಯ ಸಿನಿಮಾವನ್ನು ಸಬ್‌ಟೈಟಲ್‌ನೊಂದಿಗೆ ನೋಡಬೇಕೇ, ಡಬ್ ಆದದ್ದನ್ನು ನೋಡಬೇಕೇ?

ಸರಾಗವಾಗಿ ಓದಬಲ್ಲ ಮಗುವಾದರೆ ಸಬ್‌ಟೈಟಲ್. ನಟರ ದನಿಯಲ್ಲಿ ಅರ್ಧ ಅಭಿನಯವಿರುತ್ತದೆ, ಅದನ್ನು ಕಳೆದುಕೊಳ್ಳುವುದು ನಷ್ಟವೇ. ಮೊದಲ ಹದಿನೈದು ಇಪ್ಪತ್ತು ನಿಮಿಷ ಕಣ್ಣು ಕೆಳಗೆ ಮೇಲೆ ಓಡಾಡುತ್ತ ದಣಿಯುತ್ತದೆ, ಆಮೇಲೆ ಓದುತ್ತಿದ್ದೇವೆ ಎಂಬುದೇ ಮರೆತುಹೋಗುತ್ತದೆ. ಆರಂಭಕ್ಕೆ ಮಾತು ಕಡಿಮೆಯಿರುವ ಚಿತ್ರವನ್ನು ಆರಿಸಿದರೆ ಆ ಇಪ್ಪತ್ತು ನಿಮಿಷವೂ ಹಗುರಾಗುತ್ತದೆ. ಯಂತ್ರ ತಾನಾಗಿ ಬರೆದ ಸಬ್‌ಟೈಟಲ್ ಇದ್ದರೆ ಮಾತ್ರ ಮೊದಲೇ ಐದು ನಿಮಿಷ ಪರೀಕ್ಷಿಸಿ, ಅದರ ಅವಾಂತರಗಳಿಗೆ ನಗುವುದರಲ್ಲೇ ಸಿನಿಮಾ ಮುಗಿದುಹೋದೀತು. ಓದಲು ಕಷ್ಟಪಡುವ ಮಗುವಿದ್ದರೆ ಡಬ್ ಆದದ್ದನ್ನೇ, ಯಾವ ಮುಜುಗರವೂ ಇಲ್ಲದೆ, ಹಾಕಿ.

ಅನಿಮೇಷನ್ ಚಿಕ್ಕ ಮಕ್ಕಳದ್ದಲ್ಲವೇ?

ಜಪಾನಿನ ಸ್ಟುಡಿಯೊ ಘಿಬ್ಲಿ 1988ರ ಏಪ್ರಿಲ್ 16ರಂದು ಎರಡು ಅನಿಮೇಷನ್ ಚಿತ್ರಗಳನ್ನು ಒಂದೇ ಟಿಕೆಟ್ಟಿನ ಜೋಡಿ ಪ್ರದರ್ಶನವಾಗಿ ಬಿಡುಗಡೆ ಮಾಡಿತು. ಒಂದು ಹಯಾವೊ ಮಿಯಾಝಾಕಿಯವರ ‘ಮೈ ನೇಬರ್ ಟೊಟೊರೊ’. ಅದನ್ನು ಐದು ವರ್ಷದ ಮಗುವಿನ ಪಕ್ಕದಲ್ಲಿ ಕುಳಿತು ಧಾರಾಳವಾಗಿ ನೋಡಬಹುದು. ಇನ್ನೊಂದು ಇಸಾವೊ ತಕಾಹಾತರ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’. ಎರಡನೇ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ತಾಯಿಯನ್ನು ಕಳೆದುಕೊಂಡ ಅಣ್ಣತಂಗಿಯರು ಹಸಿವಿನಿಂದ ಸವೆಯುವ ಕಥೆ. ಅಣ್ಣ ಬದುಕಿ ಉಳಿಯುವುದಿಲ್ಲ ಎಂಬುದನ್ನು ಅದು ಮೊದಲ ದೃಶ್ಯದಲ್ಲೇ ಹೇಳಿಬಿಡುತ್ತದೆ. ಒಂದೇ ಸ್ಟುಡಿಯೊ, ಒಂದೇ ದಿನ, ಎರಡೂ ಕೈಯಲ್ಲಿ ಬಿಡಿಸಿದ ಚಿತ್ರಗಳು. ಆದರೂ ನೋಡುಗರ ವಯಸ್ಸು ಬೇರೆ ಬೇರೆ. ಬಿಡಿಸಿದ ಚಿತ್ರವೆಂದು ಪರೀಕ್ಷಿಸದೆ ಹಾಕುವುದೂ ತಪ್ಪು, ಬಿಡಿಸಿದ ಚಿತ್ರವೆಂದು ಹದಿನೈದರ ಹುಡುಗನಿಗೆ ಅದು ಬೇಡವೆನ್ನುವುದೂ ತಪ್ಪು.

ನಿಜ ಘಟನೆ ಆಧಾರಿತ ಸಿನಿಮಾಗಳಿಂದ ಇತಿಹಾಸ ಕಲಿಯಬಹುದೇ?

ಆಸಕ್ತಿ ಹುಟ್ಟಿಸಿಕೊಳ್ಳಬಹುದು, ಇತಿಹಾಸವನ್ನು ಬೇರೆಡೆ ಓದಬೇಕು. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದಲ್ಲಿ ಲೆಕ್ಕ ಹಾಕುತ್ತಿದ್ದ ಕಪ್ಪುವರ್ಣದ ಮಹಿಳೆಯರ ಕುರಿತ ‘ಹಿಡನ್ ಫಿಗರ್ಸ್’ (2016) ಈ ವಯಸ್ಸಿನವರಿಗೆ ಬಹಳ ಹಿಡಿಸುವ ಚಿತ್ರ. ಅದರಲ್ಲಿ ಕ್ಯಾಥರೀನ್ ಜಾನ್ಸನ್ ಕಪ್ಪುವರ್ಣದವರಿಗೆಂದೇ ಮೀಸಲಾದ ಶೌಚಾಲಯಕ್ಕಾಗಿ ಕೈಯಲ್ಲಿ ಕಡತ ಹಿಡಿದು, ಮಳೆಯಲ್ಲೂ, ಇನ್ನೊಂದು ಕಟ್ಟಡಕ್ಕೆ ಓಡಬೇಕಾಗುತ್ತದೆ. ಅದು ತಿಳಿದ ಮೇಲಧಿಕಾರಿ ಆ ಶೌಚಾಲಯದ ಫಲಕವನ್ನು ಒಡೆದು ಕೆಡವುತ್ತಾನೆ. ನಿಜವಾಗಿ ಜಾನ್ಸನ್ ಯಾವ ಫಲಕವನ್ನೂ ಲೆಕ್ಕಿಸದೆ ಹತ್ತಿರದ ಶೌಚಾಲಯವನ್ನೇ ಬಳಸುತ್ತಿದ್ದರು. ಅಂಥ ಅವಮಾನವನ್ನು ಎದುರಿಸಿದವರು ಅವರ ಸಹೋದ್ಯೋಗಿ ಮೇರಿ ಜಾಕ್ಸನ್. ಫಲಕ ಒಡೆಯುವ ಅಧಿಕಾರಿ ಹಲವರನ್ನು ಕೂಡಿಸಿ ಕಟ್ಟಿದ ಪಾತ್ರ. ಆದರೆ ಗಗನಯಾತ್ರಿ ಜಾನ್ ಗ್ಲೆನ್ 1962ರ ತಮ್ಮ ಯಾನಕ್ಕೆ ಮುನ್ನ, ಕಂಪ್ಯೂಟರಿನ ಅಂಕಿಗಳನ್ನು ಜಾನ್ಸನ್ ಕೈಯಾರೆ ಪರಿಶೀಲಿಸಲಿ ಎಂದು ಕೇಳಿದ್ದು ನಿಜ.

ಸಿನಿಮಾ ಮುಗಿದ ಮರುದಿನ ಇಂಥ ವ್ಯತ್ಯಾಸಗಳನ್ನು ಮಕ್ಕಳೇ ಹುಡುಕಲಿ. ಎರಡನ್ನೂ ಪಕ್ಕದಲ್ಲಿಟ್ಟಾಗ ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ: ಯಾರ ಅಪ್ಪಣೆಗೂ ಕಾಯದ ಮಹಿಳೆಯನ್ನು ಬಿಟ್ಟು, ಫಲಕ ಒಡೆದು ಉಪಕಾರ ಮಾಡುವ ಅಧಿಕಾರಿಯನ್ನು ಚಿತ್ರ ಕಟ್ಟಿದ್ದೇಕೆ? ಹದಿನಾಲ್ಕರ ಮಗು ಇದಕ್ಕೆ ಕೊಡುವ ಉತ್ತರ ಎಷ್ಟೋ ವಿಮರ್ಶೆಗಳಿಗಿಂತ ನೇರವಾಗಿರುತ್ತದೆ.

ಹಾಗಾದರೆ ಸಾಕ್ಷ್ಯಚಿತ್ರಗಳೇ ವಾಸಿಯಲ್ಲವೇ?

ಅವನ್ನೂ ಯಾರೋ ಕತ್ತರಿಸಿ ಜೋಡಿಸಿರುತ್ತಾರೆ. ಪೂರ್ಣಪ್ರಮಾಣದ ಸಾಕ್ಷ್ಯಚಿತ್ರಗಳಲ್ಲಿ ತೀರ ಮೊದಲಿನವುಗಳಲ್ಲಿ ಒಂದಾದ ರಾಬರ್ಟ್ ಫ್ಲಾಹರ್ಟಿಯವರ ‘ನಾನೂಕ್ ಆಫ್ ದ ನಾರ್ತ್’ (1922) ಚಿತ್ರದಲ್ಲಿ ಮಂಜಿನ ಮನೆಯೊಳಗಿನ ದೃಶ್ಯಕ್ಕೆ ಬೆಳಕು ಸಾಲದೆ, ಒಂದು ಪಕ್ಕ ತೆರೆದೇ ಇದ್ದ ಅರ್ಧ ಮನೆಯನ್ನು ಕಟ್ಟಿಸಿ ಚಿತ್ರೀಕರಿಸಲಾಯಿತು. ನಾನೂಕ್ ಎಂಬುದೂ ಆ ಮನುಷ್ಯನ ನಿಜವಾದ ಹೆಸರಲ್ಲ. ಸಾಕ್ಷ್ಯಚಿತ್ರ ನೋಡುವಾಗ ಈ ಸಂಗತಿ ನೆನಪಿನಲ್ಲಿದ್ದರೆ ಸಾಕು. ಕ್ಯಾಮೆರಾ ಎಲ್ಲಿತ್ತು, ಅದು ಅಲ್ಲಿದೆ ಎಂಬುದು ಇವರಿಗೆ ಗೊತ್ತಿತ್ತೇ, ಯಾರನ್ನು ಮಾತನಾಡಿಸಿಲ್ಲ ಎಂದು ಕೇಳುತ್ತ ನೋಡುವ ಅಭ್ಯಾಸ ಮೊಬೈಲಿನ ಚಿಕ್ಕ ವಿಡಿಯೊಗಳನ್ನು ನೋಡುವಾಗಲೂ ಮಕ್ಕಳ ಜೊತೆಗಿರುತ್ತದೆ.

ಮುಜುಗರದ ದೃಶ್ಯ ಇದ್ದಕ್ಕಿದ್ದಂತೆ ಬಂದರೆ?

ರಿಮೋಟಿಗಾಗಿ ಎದ್ದುಬಿದ್ದು ಹುಡುಕಬೇಡಿ. ಆ ಗಾಬರಿಯೇ ದೃಶ್ಯವನ್ನು ಮಕ್ಕಳ ಮನಸ್ಸಿನಲ್ಲಿ ಅಚ್ಚೊತ್ತಿಬಿಡುತ್ತದೆ. ಚುಂಬನವೋ ಅರ್ಧ ನಿಮಿಷದ ಪ್ರಣಯವೋ ಆದರೆ ಸುಮ್ಮನೆ ದಾಟಲು ಬಿಡಿ. ನಿಜಕ್ಕೂ ಸಲ್ಲದ್ದಾದರೆ, ‘ಇದು ಬೇಡ, ಮುಂದೆ ಹೋಗೋಣ’ ಎಂದು ಸಾಮಾನ್ಯ ದನಿಯಲ್ಲಿ ಹೇಳಿ ಮುಂದಕ್ಕೆ ಓಡಿಸಿ.

ಹಿಂಸೆಯ ಬಗ್ಗೆ ನಮ್ಮ ಎಣಿಕೆ ಹೆಚ್ಚಾಗಿ ತಲೆಕೆಳಗಾಗಿದೆ. ನೂರು ಜನ ಬಿದ್ದರೂ ಯಾರಿಗೂ ನೋವಾಗದ, ನಾಯಕ ನಗುತ್ತಲೇ ಹೊಡೆಯುವ ಸಿನಿಮಾವನ್ನು ನಿರಾಳವಾಗಿ ಹಾಕುತ್ತೇವೆ. ಒಂದೇ ಒಂದು ಏಟು ಬಿದ್ದು, ಅದರ ನೋವೂ ಪರಿಣಾಮವೂ ಕಥೆಯುದ್ದಕ್ಕೂ ಉಳಿಯುವ ಸಿನಿಮಾಕ್ಕೆ ಹೆದರುತ್ತೇವೆ. ಹದಿಹರೆಯದವರಿಗೆ ಎರಡನೆಯದೇ ಮೇಲು. ದುಃಖದ ಕಥೆಗಳಿಗೂ ಹೆದರಬೇಕಾಗಿಲ್ಲ, ಪಕ್ಕದಲ್ಲಿ ನೀವಿರುತ್ತೀರಿ. ಆದರೆ ಮನೆಯಲ್ಲಿ ಈಚೆಗೆ ಸಾವೋ ಕಾಯಿಲೆಯೋ ಬೇರ್ಪಡುವಿಕೆಯೋ ಆಗಿದ್ದರೆ, ಅದನ್ನೇ ಹೋಲುವ ಕಥೆಯನ್ನು ಮಗುವನ್ನು ಕೇಳದೆ ಹಾಕಬೇಡಿ.

ಹಳೆಯ ಚಿತ್ರಗಳಲ್ಲಿ ಬಣ್ಣ, ಜಾತಿ, ಹೆಣ್ಣು, ಅಂಗವೈಕಲ್ಯದ ಬಗ್ಗೆ ಬರುವ ಕೀಳು ತಮಾಷೆಗಳನ್ನು ಏನು ಮಾಡುವುದು?

ಇಡೀ ಸಿನಿಮಾ ಅದರ ಮೇಲೆಯೇ ನಿಂತಿದ್ದರೆ ಬಿಟ್ಟುಬಿಡಿ, ಒಳ್ಳೆಯ ಸಿನಿಮಾಗಳಿಗೇನೂ ಬರವಿಲ್ಲ. ಒಂದೆರಡು ಕಡೆ ಬರುವುದಾದರೆ, ಇಂಥದ್ದೊಂದು ಇದೆ ಎಂದು ಮೊದಲೇ ತಿಳಿಸಿ ನೋಡಿ. ‘ಆ ಕಾಲದಲ್ಲಿ ಹಾಗಿತ್ತು’ ಎಂದು ಮುಗಿಸಿಬಿಡುವುದು ಸಾಲದು, ಏಕೆಂದರೆ ಆ ತಮಾಷೆಗೆ ಗುರಿಯಾದವರಿಗೆ ಆ ಕಾಲದಲ್ಲೂ ನೋವಾಗುತ್ತಿತ್ತು. ಇಂದಿನ ಯಾವ ತಮಾಷೆಗೆ ಮುಂದೆ ನಾಚಿಕೊಳ್ಳಬೇಕಾದೀತು ಎಂದು ಮಕ್ಕಳನ್ನೇ ಕೇಳಿ ನೋಡಿ, ಅವರ ಪಟ್ಟಿ ಆಗಲೇ ಸಿದ್ಧವಿರುತ್ತದೆ.

ಕಾದಂಬರಿ ಮೊದಲು ಓದಬೇಕೇ, ಸಿನಿಮಾ ಮೊದಲು ನೋಡಬೇಕೇ?

ಓದುವ ಮಗುವಾದರೆ ಕಾದಂಬರಿ ಮೊದಲು. ಓದದ ಮಗುವಾದರೆ ಸಿನಿಮಾ ಮೊದಲು, ಪುಸ್ತಕ ಕೈಗೆ ಸಿಗುವಲ್ಲಿ ಇರಲಿ, ಓದೆಂದು ಹೇಳಬೇಡಿ.

ಸಿನಿಮಾ ಮುಗಿದ ಮೇಲೆ ಮಕ್ಕಳನ್ನು ಮಾತಿಗೆಳೆಯುವುದು ಹೇಗೆ? ‘ಚೆನ್ನಾಗಿತ್ತು’ ಎಂದು ಎದ್ದುಹೋಗುತ್ತಾರೆ.

ಎದ್ದುಹೋಗಲಿ. ಹೆಸರುಗಳ ಪಟ್ಟಿ ಏರುತ್ತಿರುವಾಗಲೇ ದೀಪ ಹಾಕಿ ‘ಇದರಿಂದ ಏನು ಕಲಿತೆ?’ ಎಂದು ಕೇಳುವ ಪೋಷಕರಿಗೆ ಸಿಗುವುದು ಶಾಲೆಯ ಉತ್ತರಪತ್ರಿಕೆಗೆ ಬರೆಯುವಂಥ ಉತ್ತರ, ಮುಂದಿನ ವಾರ ತಪ್ಪಿಸಿಕೊಳ್ಳಲು ಒಂದು ನೆಪ. ಮಾತು ಬರುವುದು ಮರುದಿನ ಬಟ್ಟೆ ಮಡಿಸುವಾಗ, ದಾರಿಯಲ್ಲಿ ನಡೆಯುವಾಗ, ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲದ ಹೊತ್ತಿನಲ್ಲಿ.

ಆಗಲೂ ದೊಡ್ಡ ಪ್ರಶ್ನೆ ಬೇಡ. ಸಿನಿಮಾದ ಸಂದೇಶವೇನು ಎಂಬುದರ ಬದಲು, ಆ ಅಮ್ಮ ಪತ್ರ ಓದಿದ ಮೇಲೆ ಏನೂ ಮಾತನಾಡದೆ ಕಿಟಕಿ ಮುಚ್ಚಿದ್ದೇಕೆ ಎಂಬಂಥ ಒಂದು ಚಿಕ್ಕ, ನಿರ್ದಿಷ್ಟವಾದ ಪ್ರಶ್ನೆ ಕೇಳಿ. ನಿಮಗೇ ನಿಜವಾಗಿ ಉತ್ತರ ಗೊತ್ತಿಲ್ಲದ ಪ್ರಶ್ನೆಯಾದರೆ ಇನ್ನೂ ಒಳ್ಳೆಯದು, ಪರೀಕ್ಷೆ ಯಾವುದು ಕುತೂಹಲ ಯಾವುದು ಎಂಬುದು ಮಕ್ಕಳಿಗೆ ತಕ್ಷಣ ತಿಳಿಯುತ್ತದೆ. ನಿಮ್ಮ ಅನಿಸಿಕೆಯನ್ನು ಕೊನೆಗೆ ಹೇಳಿ, ಅದನ್ನೂ ತೀರ್ಪಿನಂತೆ ಹೇಳಬೇಡಿ. ನಿಮಗೆ ಮೆಚ್ಚುಗೆಯಾದ ಪಾತ್ರವನ್ನು ಮಗ ‘ಹೇಡಿ’ ಎಂದರೆ ತಿದ್ದಲು ಹೋಗದೆ, ಹಾಗೆ ಅನ್ನಿಸಿದ್ದು ಯಾವ ದೃಶ್ಯದಲ್ಲಿ ಎಂದು ಕೇಳಿ. ಅವನು ದೃಶ್ಯವನ್ನು ತೋರಿಸಿ ವಾದಿಸಿದರೆ, ಅವನ ಅಭಿಪ್ರಾಯ ನಿಮಗೆ ಒಪ್ಪಿಗೆಯಾಗದಿದ್ದರೂ, ಸಿನಿಮಾ ನೋಡಿದ್ದು ಸಾರ್ಥಕವೇ.

ಮೊಬೈಲ್ ದೂರವಿಡುವ ನಿಯಮ ಬೇಕೇ?

ಬೇಕು, ದೊಡ್ಡವರಿಗೆ ಮೊದಲು.

ಟಿವಿಯಲ್ಲಿ ಹಾಕಿದರೆ ಒಳ್ಳೆಯ ಸಿನಿಮಾ ಕೂಡ ಧಾರಾವಾಹಿಯಂತೆ ಕಾಣುತ್ತದೆ, ಮಾತೂ ಸರಿಯಾಗಿ ಕೇಳಿಸುವುದಿಲ್ಲ. ಏಕೆ?

ಸಿನಿಮಾವನ್ನು ಸಾಮಾನ್ಯವಾಗಿ ಸೆಕೆಂಡಿಗೆ 24 ಚಿತ್ರಗಳಂತೆ ತೆಗೆಯುತ್ತಾರೆ. ಹೊಸ ಟಿವಿಗಳು ಚಲನೆಯನ್ನು ನುಣುಪುಗೊಳಿಸಲೆಂದು ನಡುನಡುವೆ ತಾವೇ ಚಿತ್ರಗಳನ್ನು ಸೃಷ್ಟಿಸಿ ತುಂಬುತ್ತವೆ. ಧಾರಾವಾಹಿಯಂತೆ ಕಾಣುವುದು ಅದರಿಂದ. ಸೆಟ್ಟಿಂಗ್ಸ್‌ನಲ್ಲಿ ‘ಮೋಷನ್’ ಎಂಬ ಹೆಸರಿನಡಿ ಇರುವ ಈ ಸೌಲಭ್ಯವನ್ನು ನಿಲ್ಲಿಸಿಬಿಡಿ. 2019ರ ನಂತರದ ಹಲವು ಟಿವಿಗಳಲ್ಲಿ ‘ಫಿಲ್ಮ್‌ಮೇಕರ್ ಮೋಡ್’ ಎಂದಿರುತ್ತದೆ, ಅದನ್ನು ಒತ್ತಿದರೆ ಈ ಬಗೆಯ ಎಲ್ಲ ತಿದ್ದುಪಡಿಗಳೂ ಒಟ್ಟಿಗೆ ನಿಲ್ಲುತ್ತವೆ. ಮೇಲೆ ಕೆಳಗೆ ಕಾಣುವ ಕಪ್ಪು ಪಟ್ಟಿಗಳನ್ನು ತೆಗೆಯಲೆಂದು ಚಿತ್ರವನ್ನು ಹಿಗ್ಗಿಸಬೇಡಿ, ಹಿಗ್ಗಿಸಿದರೆ ಅಕ್ಕಪಕ್ಕದಲ್ಲಿ ನಿಂತ ಪಾತ್ರಗಳೇ ಕತ್ತರಿಸಿಹೋಗುತ್ತವೆ.

ಮಾತು ಪಿಸುಗುಟ್ಟಿದಂತೆ, ಸ್ಫೋಟ ಮಾತ್ರ ಕಿವಿ ಒಡೆಯುವಂತೆ ಕೇಳಿಸುವುದು ಚಿತ್ರಮಂದಿರಕ್ಕಾಗಿ ಹದಗೊಳಿಸಿದ ಧ್ವನಿ ಟಿವಿಯ ಚಿಕ್ಕ ಸ್ಪೀಕರಿಗೆ ಬಂದಾಗ. ‘ನೈಟ್ ಮೋಡ್’ ಎಂಬ ಆಯ್ಕೆ ಇದ್ದರೆ ಹಾಕಿ, ಅದು ಇವೆರಡರ ಅಂತರವನ್ನು ತಗ್ಗಿಸುತ್ತದೆ. ಗೊತ್ತಿರುವ ಭಾಷೆಯ ಸಿನಿಮಾಕ್ಕೂ ಸಬ್‌ಟೈಟಲ್ ಹಾಕಿಕೊಳ್ಳಲು ಸಂಕೋಚ ಬೇಡ.

ಅರ್ಧದಲ್ಲಿ ಹಿಡಿಸದಿದ್ದರೆ ನಿಲ್ಲಿಸಬಹುದೇ?

ಅರ್ಧ ಗಂಟೆಯಾದರೂ ನೋಡುವುದೆಂದು ಮೊದಲೇ ಒಪ್ಪಿಕೊಂಡಿರಿ. ಅದಾದ ಮೇಲೂ ಹೆಚ್ಚಿನವರಿಗೆ ಬೇಡವಾದರೆ ನಿಲ್ಲಿಸಿ, ಮುಗಿಸಲೇಬೇಕೆಂಬ ಹಟದಿಂದ ಸಿನಿಮಾದ ಮೇಲೆ ಯಾರಿಗೂ ಪ್ರೀತಿ ಹುಟ್ಟಿಲ್ಲ. ಒಬ್ಬರಿಗೆ ಮಾತ್ರ ಮುಂದೆ ನೋಡಬೇಕೆನಿಸಿದರೆ ಅವರು ಮರುದಿನ ಒಬ್ಬರೇ ನೋಡಿ ಕೊನೆಗೆ ಏನಾಯಿತೆಂದು ಉಳಿದವರಿಗೆ ಹೇಳಲಿ. ಇನ್ನು, ಮಗು ಹೆದರಿ ಎದ್ದುಹೋದರೆ ಹಿಂದಕ್ಕೆ ಕರೆಯಬೇಡಿ, ನಗಬೇಡಿ, ನಿಮ್ಮಲ್ಲೊಬ್ಬರು ಎದ್ದು ಅದರ ಜೊತೆಗೆ ಹೋಗಿ. ಬಿಟ್ಟ ಸಿನಿಮಾದ ಹೆಸರನ್ನು ಬರೆದಿಟ್ಟುಕೊಂಡಿರಿ. ಹನ್ನೊಂದರಲ್ಲಿ ಬೇಡವೆಂದದ್ದನ್ನು ಎಷ್ಟೋ ಮಕ್ಕಳು ಹದಿನಾಲ್ಕರಲ್ಲಿ ತಾವಾಗಿಯೇ ಕೇಳಿ ಹಾಕಿಸಿಕೊಳ್ಳುತ್ತಾರೆ.